ಫೈಲಿನಲ್ಲಿ ಬರೆದ ತಾಯಿ

ನನ್ನ ಹ್ಯಾಂಡ್‌ರೈಟಿಂಗ್ ಚೆನ್ನಾಗಿದೆ ಅನ್ನುವುದೊಂದೇ ಕಾರಣಕ್ಕೆ ನನಗೆ ಆ ಕೆಲಸ ಬಂದದ್ದು. ಕಾನ್ವೆಂಟಿನ ಸಿಸ್ಟರ್ಸು ಬೆರಳ ಗೆಣ್ಣಿಗೆ ಸ್ಕೇಲಿನಿಂದ ಹೊಡೆದು ಕಲಿಸಿದ ಅಕ್ಷರ. ಎಪ್ಪತ್ತು ದಾಟಿದರೂ ಕೆಟ್ಟಿರಲಿಲ್ಲ.

ಬಳ್ಳಾರಿಯ ಕೋಟೆ ಗುಡ್ಡದ ಕೆಳಗೆ, ಬಾಡಿಗೆಯ ಎರಡಂತಸ್ತಿನ ಮನೆಯೊಂದರಲ್ಲಿ, ಹದಿನೆಂಟು ತುಂಬಿ ಅನಾಥಾಲಯಗಳಿಂದ ಹೊರಬಿದ್ದ ಹುಡುಗಿಯರಿಗೆಂದು ಒಂದು ಟ್ರಸ್ಟಿನವರು ವಸತಿ ನಡೆಸುತ್ತಿದ್ದರು. ಹದಿನೆಂಟರ ತನಕ ಸಾಕಿದ ಮೇಲೆ ಆ ಮಕ್ಕಳು ಎಲ್ಲಿಗೆ ಹೋಗಬೇಕು ಅಂತ ನಾವ್ಯಾರೂ ಯೋಚಿಸುವುದಿಲ್ಲ ನೋಡಿ. ಬರ್ತ್‌ಡೇ ಆದ ವಾರದಲ್ಲೇ ಟ್ರಂಕು ಹಿಡಿದು ಗೇಟಿನ ಹೊರಗೆ. ಅಂಥವರಿಗೆ ಓದು ಮುಗಿಯುವ ತನಕ ಇಲ್ಲೊಂದು ಮಂಚ, ಬೀಗ ಹಾಕಿಕೊಳ್ಳಲು ಒಂದು ಗೋಡೆಬೀರು, ಊಟ. ಇದ್ದದ್ದು ಹನ್ನೆರಡೇ ಮಂಚ. ಹದಿಮೂರನೆಯವಳು ಯಾವಾಗಲೂ ಬಾಗಿಲಲ್ಲಿ ಕಾಯುತ್ತಿರುತ್ತಿದ್ದಳು. ಅದಕ್ಕೇ ಯಾರೂ ಇಲ್ಲದವರಿಗೆ ಮಾತ್ರ ಜಾಗ ಅಂತ ನಿಯಮ.

ಇಂಗ್ಲಿಷ್ ಹೇಳಿಕೊಡಲೆಂದು ಹೋದ ನನ್ನನ್ನು ವಾರ್ಡನ್ ಕೇಸ್ ಫೈಲುಗಳ ಮುಂದೆ ಕೂರಿಸಿದಳು. ಆಕೆ ನಲವತ್ತೈದರ, ಗಟ್ಟಿ ಗಂಟಲಿನ ಹೆಂಗಸು. ಫೋನಿನಲ್ಲಿ ತೆಲುಗು, ಅಡುಗೆಮನೆಯಲ್ಲಿ ಕನ್ನಡ, ಗ್ಯಾಸ್ ತರುವವನ ಹತ್ತಿರ ಉರ್ದು. "ಅಮ್ಮಾರ, ನನ್ನ ಅಕ್ಷರ ಕೋಳಿ ಕೆದರಿದಂಗ ಐತಿ. ಕಮಿಟಿಯೋರು ಬೈತಾರ. ನೀವು ಬರದು ಕೊಟ್ಟುಬಿಡ್ರಿ," ಅಂದಳು. ಒಬ್ಬೊಬ್ಬಳಿಗೂ ಒಂದು ಫೈಲು. ಯಾವ ಕಾಲೇಜು, ಹಾಜರಿ ಎಷ್ಟು, ಆರೋಗ್ಯ ಹೇಗೆ, ಆಧಾರ್ ಆಯಿತೇ, ಮನಸ್ಸು ಹೇಗಿದೆ. ಮೂರು ತಿಂಗಳಿಗೊಮ್ಮೆ ಟ್ರಸ್ಟಿನ ಕಮಿಟಿ ಓದಿ ಸಹಿ ಹಾಕುತ್ತಿತ್ತು. ಹುಡುಗಿಯರು ಬೆನ್ನ ಹಿಂದೆ ನನ್ನನ್ನು ಫೈಲಜ್ಜಿ ಅನ್ನುತ್ತಿದ್ದರು, ಮುಂದೆ ಬರೀ ಅಜ್ಜಿ. ನನಗೆ ಅದು ಇಷ್ಟವಾಗಿತ್ತು. ನಲವತ್ತು ವರ್ಷ 'ಮಿಸ್' ಅನ್ನಿಸಿಕೊಂಡವಳಿಗೆ ಅಜ್ಜಿ ಅನ್ನಿಸಿಕೊಳ್ಳುವುದು ಪ್ರಮೋಷನ್ನೇ.

ಅವರಲ್ಲೊಬ್ಬಳು ಲ್ಯಾಬ್ ಟೆಕ್ನಿಶಿಯನ್ ಡಿಪ್ಲೊಮಾ ಕಡೇ ವರ್ಷದಲ್ಲಿದ್ದಳು. ಕಡ್ಡಿಯಂಥ ಹುಡುಗಿ, ನಾಲಗೆ ಮಾತ್ರ ಚುರುಕು. ರಕ್ತ ತೆಗೆಯುವುದನ್ನು ರೂಢಿ ಮಾಡಿಕೊಳ್ಳಲು ನನ್ನ ತೋಳು ಹಿಡಿದು ಕೂರುತ್ತಿದ್ದಳು. "ನಿಮ್ಮ ನರ ನಿಮ್ಮಂಗ ಅದಾವ್ರಿ ಅಜ್ಜಿ. ಹಿಡಿಯಾಕ ಹೋದ್ರ ಜಾರ್ತಾವು." ಸೂಜಿ ಚುಚ್ಚುವಾಗ ಮಾತ್ರ ಮುಖ ಎಷ್ಟು ಸೀರಿಯಸ್ ಆಗುತ್ತಿತ್ತೆಂದರೆ, ದೊಡ್ಡ ಆಸ್ಪತ್ರೆಯಲ್ಲಿ ಬಿಳಿ ಕೋಟು ಹಾಕಿ ನಿಂತವಳು ಆಗಲೇ ನನ್ನ ಕಣ್ಣಿಗೆ ಕಾಣುತ್ತಿದ್ದಳು. ಪರೀಕ್ಷೆಗೆ ಎಂಟು ತಿಂಗಳಿತ್ತು.

ಅವಳ ಫೈಲಿನ ಮೊದಲ ಹಾಳೆಯಲ್ಲಿ ಹೀಗಿತ್ತು: ಆರು ವರ್ಷದ ಹೆಣ್ಣು ಮಗು, ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಒಂಟಿಯಾಗಿ ಸಿಕ್ಕಿದ್ದು, ತಂದೆ ತಾಯಿ ತಿಳಿದಿಲ್ಲ. ಕುಟುಂಬದ ಕಾಲಮ್ಮಿನಲ್ಲಿ ನಾನು ಪ್ರತಿ ಸಲವೂ 'ನಾಟ್ ಟ್ರೇಸ್ಡ್' ಅಂತ ಬರೆಯುತ್ತಿದ್ದೆ. ಅವಳದೊಂದೇ ಅಲ್ಲ, ಹನ್ನೆರಡೂ ಫೈಲಿನಲ್ಲಿ ಅದೇ ಮಾತು. ಉತ್ತರ ಬರೆಯದ ಪ್ರಶ್ನೆಪತ್ರಿಕೆ ನೋಡಿದ ಹಾಗೆ ಆಗುತ್ತಿತ್ತು ನನಗೆ.

ತಿಂಗಳ ಕಡೇ ಭಾನುವಾರ ಅವಳು ಹೊರಗೆ ಹೋಗುವ ರಿಜಿಸ್ಟರಿನಲ್ಲಿ 'ಕುರುಗೋಡು, ದೇವರ ದರ್ಶನ' ಅಂತ ಬರೆದು ಬೆಳಗಿನ ಬಸ್ಸಿಗೆ ಹೋಗುತ್ತಿದ್ದಳು. ಸಂಜೆ ಬರುವಾಗ ಕೈಯಲ್ಲಿ ಸಜ್ಜೆ ರೊಟ್ಟಿಯ ಗಂಟು. ಉಳಿದ ಹುಡುಗಿಯರು ಕಾಡಿಸುತ್ತಿದ್ದರು. "ಏ ಲೇ, ನಿಮ್ ದೇವ್ರು ರೊಟ್ಟಿ ಬಡೀತಾನೇನಲೇ?" "ಮೀಸಿ ಐತೇನು ದೇವ್ರಿಗೆ?" ಅವಳು ರೊಟ್ಟಿ ಮುರಿದು ಎಲ್ಲರ ಬಾಯಿಗೂ ತುರುಕಿಬಿಡುತ್ತಿದ್ದಳು.

ನನಗೆ ಚಿಂತೆ ಹತ್ತಿತು. ಯಾರೋ ಹುಡುಗ ಇರಬೇಕು, ಪರೀಕ್ಷೆಯ ವರ್ಷ ಹಾಳಾದೀತು. ವಾರ್ಡನ್‌ಗೆ ಹೇಳಿದರೆ ಆಕೆ ಹಸಿಮೆಣಸಿನಕಾಯಿಯ ತೊಟ್ಟು ಮುರಿಯುತ್ತ ತಲೆ ಎತ್ತಲೇ ಇಲ್ಲ. "ದರ್ಶನ ಅಂತ ಬರದಾಳಲ್ರಿ ಅಮ್ಮಾರ. ದರ್ಶನ ಅಂತನ ಇಟ್ಕಳ್ರಿ." ಆ ಮಾತಿನ ತೂಕ ನನಗೆ ಗೊತ್ತಾಗಲಿಲ್ಲ. ನಾನು ಮುಂದಿನ ಕಡೇ ಭಾನುವಾರ ಅವಳ ಹಿಂದಿನ ಬಸ್ಸು ಹತ್ತಿದೆ.

ಕುರುಗೋಡಿನಲ್ಲಿ ದೊಡ್ಡ ಬಸವಣ್ಣನ ಗುಡಿಗೆ ಹೋದೆ. ಒಳಗೆ ಅವಳಿರಲಿಲ್ಲ. ಮಂಡಿ ನೋವು, ಮೆಟ್ಟಿಲು ಬೇರೆ. ಹಿಂದಿನ ಕಲ್ಲಿನ ಕಟ್ಟೆಯ ಹತ್ತಿರ ನೆರಳು ನೋಡಿ ಕೂರಲು ಹೋದರೆ, ಅಲ್ಲಿದ್ದಳು. ಅವಳ ತಲೆ ಒಬ್ಬ ಹೆಂಗಸಿನ ಮೊಣಕಾಲಿನ ಮೇಲಿತ್ತು. ಆ ಹೆಂಗಸು ಕೂದಲು ಬಿಡಿಸಿ ಬಿಡಿಸಿ ಹೇನು ನೋಡುತ್ತಿದ್ದಳು. ನಮ್ಮ ಹುಡುಗಿಯ ತಲೆಯಲ್ಲಿ ಹೇನಿರಲಿಲ್ಲ. ಅದು ಆ ಹೆಂಗಸಿಗೂ ಗೊತ್ತಿತ್ತು ಅಂತ ಕೈ ನೋಡಿದರೇ ತಿಳಿಯುತ್ತಿತ್ತು. ಸುಮ್ಮನೆ ಹುಡುಕುತ್ತಿದ್ದಳು. ಇಬ್ಬರದೂ ಅದೇ ಹಣೆ, ಅದೇ ಚೂಪು ಗಲ್ಲ.

ಮೈ ಗಾಡ್, ನನಗೆ ಆದ ಸಂತೋಷ! "ಇವರು ನಿನ್ನ ಅಮ್ಮ ಅಲ್ಲವಾ?" ಅಂತ ಕೇಳಿಯೇಬಿಟ್ಟೆ.

ಆ ಹೆಂಗಸು ಸೆರಗು ಎಳೆದುಕೊಂಡು ಎದ್ದು ನಿಂತಳು, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ. ಹುಡುಗಿ ಅವಳ ಕೈ ಹಿಡಿದು ಕೂರಿಸಿದಳು. "ಕುಂದ್ರಬೇ. ನಮ್ಮ ಅಜ್ಜಿ ಅದಾರ, ಯಾರಿಗೂ ಹೇಳಂಗಿಲ್ಲ."

ಆಮೇಲೆ ಇಬ್ಬರೂ ಹೇಳಿದ್ದು ಇಷ್ಟು. ಗಂಡ ಸತ್ತ ಮೇಲೆ ಅಣ್ಣಂದಿರು ಆಕೆಯನ್ನು ಸಿರುಗುಪ್ಪದ ರೈಸ್ ಮಿಲ್ಲಿನ ಹಮಾಲನಿಗೆ ಕೂಡಿಕೆ ಮದುವೆ ಮಾಡಿ ಕೊಟ್ಟರು, ಮಗು ಇಲ್ಲ ಅಂತ ಹೇಳಿ. ಮಗುವನ್ನು ಬಸ್ ಸ್ಟ್ಯಾಂಡಿನಲ್ಲಿ ಕೂರಿಸುವ ಮುಂಚೆ ಆಕೆ ಮೂರು ದಿನ ಪಾಠ ಮಾಡಿಸಿದ್ದಳು: ಯಾರು ಕೇಳಿದರೂ ಯಾರೂ ಇಲ್ಲ ಅನ್ನು, ಸಾಲಿ ಕಲಿಸುತ್ತಾರೆ. ಆರು ವರ್ಷದ ಕೂಸು ಆ ಪಾಠವನ್ನು ಹದಿನಾಲ್ಕು ವರ್ಷ ತಪ್ಪಿಸಿರಲಿಲ್ಲ. ಅನಾಥಾಲಯಕ್ಕೆ ದೊಡ್ಡ ಮನೆಯವರು ಹುಟ್ಟುಹಬ್ಬಕ್ಕೆ ಊಟ ಹಾಕಿಸಲು ಬರುತ್ತಾರಲ್ಲ, ಅಂಥ ದಿನ ಅಡುಗೆಯವರ ಜೊತೆ ಸೇರಿ ಆಕೆಯೂ ಬಡಿಸಲು ಬರುತ್ತಿದ್ದಳಂತೆ.

"ನಾನು ಎಲಿ ಮುಂದ ತೆಲಿ ಬಗ್ಗಿಸಿ ಕುಂತಿರ್ತಿದ್ದೆ ಅಜ್ಜಿ," ಅಂದಳು ಹುಡುಗಿ. "ಮಾರಿ ನೋಡ್ತಿದ್ದಿಲ್ಲ. ನೋಡಿದ್ರ ಅವ್ವಾ ಅಂದುಬಿಡ್ತೀನಂತ. ಕೈಬಳಿ ನೋಡಿ ಈಕಿನ ಅಂತ ಗುರ್ತು ಹಿಡೀತಿದ್ದೆ. ಎರಡು ಸಲ ಪಾಯಸ ಹಾಕ್ತಿದ್ಲು."

ತಾಯಿ ಮುಖ ತಿರುಗಿಸಿಕೊಂಡಳು. "ಮೂರು ಸಲ," ಅಂದಳು.

ಹೊರಡುವಾಗ ಹುಡುಗಿ ನನ್ನ ಜೊತೆ ಗುಡಿಯ ಬಾಗಿಲ ತನಕ ಬಂದಳು. "ಅಜ್ಜಿ, ಇದನ್ನ ಫೈಲಿನ್ಯಾಗ ಹಾಕಬ್ಯಾಡ್ರಿ. ನನ್ನ ಪರೀಕ್ಷಿ ಒಂದು ಆಗ್ಲಿ. ಆಮ್ಯಾಲ ಊರ ತುಂಬ ಡಂಗುರ ಹೊಡಸ್ರಿ ಬೇಕಾರ."

"ನೋಡೋಣ ಬಿಡಮ್ಮ," ಅಂದೆ. ಟೀಚರುಗಳು ಅನ್ನುತ್ತಾರಲ್ಲ, ಆ ನೋಡೋಣ.

ಬಸ್ಸಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಬಂದೆ. ಸೋಮವಾರ ಬೆಳಿಗ್ಗೆ ಫೈಲು ತೆಗೆದು, 'ಫ್ಯಾಮಿಲಿ ಟ್ರೇಸ್ಡ್. ಮದರ್ ಅಲೈವ್, ರೆಸಿಡೆಂಟ್ ಆಫ್ ಸಿರುಗುಪ್ಪ' ಅಂತ ಬರೆದೆ. ಕೆಳಗೆ ಅವರಿಬ್ಬರ ಪ್ರೀತಿಯ ಬಗ್ಗೆ ಅರ್ಧ ಪುಟ.

ಯಾಕೆ ಬರೆದೆ ಅಂತ ಎಷ್ಟು ಸಲ ಕೇಳಿಕೊಂಡಿದ್ದೇನೆ. ಸುಳ್ಳು ಬರೆಯಬಾರದು ಅಂತ ಕಲಿತವಳು ನಾನು, ಗೊತ್ತಿದ್ದೂ 'ನಾಟ್ ಟ್ರೇಸ್ಡ್' ಅಂದರೆ ಅದು ಲೈ. ಓದಿದ ಕಮಿಟಿಯವರ ಕಣ್ಣಲ್ಲೂ ನೀರು ಬರುತ್ತದೆ, ತಾಯಿ ಮಗಳಿಗೆ ಏನಾದರೂ ದಾರಿ ಮಾಡುತ್ತಾರೆ ಅಂತ ನಂಬಿದ್ದೆ. ಇವೆರಡೂ ನಿಜ. ಆದರೆ ಈ ವಯಸ್ಸಿನಲ್ಲಿ ಮುಚ್ಚಿಡುವುದೇನು, ಹನ್ನೆರಡು ಫೈಲಿನಲ್ಲಿ ಒಂದರಲ್ಲಾದರೂ ಆ ಕಾಲಮ್ಮು ತುಂಬಿಸಿದೆ ಅನ್ನುವ ಹೆಮ್ಮೆಯೂ ಇತ್ತು. ಬರೆದು ಮುಗಿಸಿ, ಇಂಕು ಆರಲಿ ಅಂತ ಹಾಳೆಯ ಮೇಲೆ ಊದಿದ್ದು ನೆನಪಿದೆ.

ವಾರ್ಡನ್ ಓದಿದ್ದು ಹಾಳೆ ಸ್ಕ್ಯಾನಾಗಿ ಕಮಿಟಿಗೆ ಹೋದ ಮೇಲೆ. ಇಂಗ್ಲಿಷ್ ಕೂಡಿಸಿ ಕೂಡಿಸಿ ಓದಿ, ಕುರ್ಚಿಯಲ್ಲಿ ಕೂತುಬಿಟ್ಟಳು.

"ಎಂಥಾ ಕೆಲಸ ಮಾಡಿದ್ರಿ ಅಮ್ಮಾರ. ಇಲ್ಲಿರಾ ಹನ್ನೆರಡರಾಗ ನಾಕು ಮಂದಿಗೆ ಎಲ್ಲೋ ಒಬ್ಬಾಕಿ ಅವ್ವ ಅದಾಳ. ಕುಡುಕ ಅಪ್ಪ ಅದಾನ. ನನಗ ಗೊತ್ತಿಲ್ಲ ಅಂತ ತಿಳ್ಕಂಡೀರೇನು? ಗೊತ್ತಿರತೈತಿ, ಬರಿಯಂಗಿಲ್ಲ. ಅಷ್ಟ ನಮ್ಮ ಕೆಲಸ."

ಕಮಿಟಿಯವರ ಕಣ್ಣಲ್ಲಿ ನೀರು ಬರಲಿಲ್ಲ. ಹೋಮ್ ವಿಸಿಟ್ ಮಾಡಿ ಅಂತ ಆರ್ಡರ್ ಬಂತು. ಕಮಿಟಿಯ ಒಬ್ಬ ಮೆಂಬರು, ನಾನು, ಹುಡುಗಿ, ಮೂವರೂ ಜೀಪಿನಲ್ಲಿ ಸಿರುಗುಪ್ಪಕ್ಕೆ ಹೋದೆವು. ದಾರಿಯುದ್ದಕ್ಕೂ ಅವಳು ಕಿಟಕಿ ಕಡೆ ತಿರುಗಿದ್ದಳು. ಭತ್ತದ ಗದ್ದೆ ಹಸಿರಾಗಿತ್ತು. ಅವಳು ಅದನ್ನೂ ನೋಡುತ್ತಿರಲಿಲ್ಲ ಅನ್ನಿಸುತ್ತದೆ.

ಮಿಲ್ಲಿನ ಹಿಂದೆ ಸಾಲು ಮನೆಗಳು. ಗಾಳಿಯಲ್ಲೆಲ್ಲ ಹೊಟ್ಟಿನ ಧೂಳು. ಜೀಪು ನಿಂತದ್ದೇ ತಡ, ಎಲ್ಲ ಬಾಗಿಲಲ್ಲೂ ಜನ. ಗಂಡ ಬನಿಯನ್ನಿನಲ್ಲಿ ಹೊರಗೆ ಬಂದ. ಅವನ ಹಿಂದೆ ಎಂಟು ಹತ್ತು ವರ್ಷದ ಎರಡು ಗಂಡುಮಕ್ಕಳು, ಅವರ ಹಿಂದೆ ಆಕೆ. ಮೆಂಬರು ಕಾಗದ ನೋಡಿ ಗಟ್ಟಿಯಾಗಿ ಕೇಳಿದರು, "ಈ ಹುಡುಗಿ ನಿಮ್ಮ ಮಗಳೇನಮ್ಮಾ?"

ಆಕೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ನನ್ನನ್ನು ಸ್ವಲ್ಪ ಹೆಚ್ಚು ಹೊತ್ತು. "ಯಾರ್ರೀ ಇವರು? ನನಗ ಇರಾವು ಇವೆರಡ ಗಂಡುಮಕ್ಳು."

ಗಂಡ ಅವಳ ಕಡೆ ತಿರುಗಿದ. "ಏನಲೇ ಇದು?"

ಅವಳು ಉತ್ತರಿಸುವ ಮೊದಲೇ ನಮ್ಮ ಹುಡುಗಿ ಮುಂದೆ ಬಂದಳು. ಎಷ್ಟು ಸಲೀಸಾಗಿ ಹೇಳಿದಳು! "ಮನಿ ತಪ್ಪೈತ್ರಿ ಸರ್. ನಮ್ಮವ್ವ ಹಿಂಗಿಲ್ಲ. ಈಕಿ ಯಾರೋ ಬ್ಯಾರೇದೋರು. ಸುಮ್ನ ತ್ರಾಸು ಕೊಟ್ವಿ, ಮಾಫ್ ಮಾಡ್ರಣ್ಣ." ಗಂಡನಿಗೆ ಕೈ ಮುಗಿದು ಜೀಪಿನಲ್ಲಿ ಹೋಗಿ ಕೂತಳು. ಆ ಪಾಠವನ್ನು ಅವಳು ಆಗಲೂ ತಪ್ಪಿಸಲಿಲ್ಲ.

ಮೆಂಬರು ಜೀಪಿನ ಆಚೆ ಬದಿಗೆ ನನ್ನನ್ನು ಕರೆದರು. ಒಳ್ಳೆಯ ಮನುಷ್ಯನೇ, ದನಿ ತಗ್ಗಿಸಿ ಕೇಳಿದರು. "ಮೇಡಂ, ನೀವು ಕುರುಗೋಡಿನಾಗ ನೋಡಿದ್ದು ಇವರನ್ನೇನಾ? ಬ್ಯಾರೆ ಯಾರರ ಇರಬಹುದಾ? ನಿಮಗ ಕಣ್ಣು..." ಕಣ್ಣಿನ ಪೊರೆ ತೆಗೆಸಿ ಎರಡು ತಿಂಗಳಾಗಿತ್ತು ನನಗೆ. ತಪ್ಪಿಸಿಕೊಳ್ಳಲು ಆತನೇ ಬಾಗಿಲು ತೆಗೆದು ಹಿಡಿದು ನಿಂತಿದ್ದರು. ಕಣ್ಣು ಸರಿಯಿಲ್ಲ ಅಂದಿದ್ದರೆ ಸಾಕಿತ್ತು, ಆ ಮಂಚ ಉಳಿಯುತ್ತಿತ್ತು.

"ಇವರೇ," ಅಂದೆ.

ಒಮ್ಮೆ ಬರೆದದ್ದು ಸುಳ್ಳಾಗಬಾರದು ಅಂತ ಅಷ್ಟೇ. ಬೇರೆ ಯಾವ ಕಾರಣವೂ ಇರಲಿಲ್ಲ.

ತಾಯಿ ಇರುವವಳಿಗೆ ನಿಯಮದ ಪ್ರಕಾರ ಜಾಗವಿಲ್ಲ, ಹದಿನೈದು ದಿನದಲ್ಲಿ ಖಾಲಿ ಮಾಡಬೇಕು ಅಂತ ಕಾಗದ ಬಂತು. ವಾರ್ಡನ್ ಅತ್ತು, ಜಗಳವಾಡಿ ಅದನ್ನು ಒಂದು ತಿಂಗಳು ಮಾಡಿಸಿದಳು. ನಾನು ಹುಡುಗಿಗೆ ನನ್ನ ಮನೆಗೆ ಬಂದುಬಿಡು ಅಂದೆ. ನನ್ನದು ಮೂರು ರೂಮಿನ ಮನೆ, ಕಾಲೇಜಿಗೂ ಹತ್ತಿರ. ಅವಳು ಟ್ರಂಕಿನಲ್ಲಿ ಬಟ್ಟೆ ಮಡಚಿಡುತ್ತಿದ್ದಳು.

"ಬ್ಯಾಡ್ರಿ ಮೇಡಂ. ನಿಮ್ಮನ್ಯಾಗಿದ್ರ ನೀವು ದಿನಾ ನನ್ನ ಮಾರಿ ನೋಡಬೇಕಾಕ್ಕೈತಿ."

ಅವಳು ನನಗೆ ಮೇಡಂ ಅಂದದ್ದು ಅದೇ ಮೊದಲು. ಅವಳು ಹೋದ ಮೂರನೆಯ ದಿನ ಅದೇ ಮಂಚಕ್ಕೆ ಇನ್ನೊಬ್ಬಳು ಬಂದಳು, ನಿಜಕ್ಕೂ ಯಾರೂ ಇಲ್ಲದವಳು. ಅವಳ ಫೈಲನ್ನು ಬರೆದುಕೊಟ್ಟು ನಾನು ಆ ಕೆಲಸ ಬಿಟ್ಟೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳನ್ನು ಹುಡುಕಿಕೊಂಡು ಹೋದೆ. ಜೀನ್ಸ್ ಹೊಲಿಯುವ ಯೂನಿಟ್ಟುಗಳಿರುವ ಗಲ್ಲಿಯಲ್ಲಿ, ಅಲ್ಲೇ ಕೆಲಸ ಮಾಡುವ ನಾಲ್ಕು ಹುಡುಗಿಯರ ಜೊತೆ ಒಂದು ರೂಮಿನಲ್ಲಿದ್ದಳು. ಹೊಲಿದ ಪ್ಯಾಂಟುಗಳ ಉಳಿದ ದಾರ ಕತ್ತರಿಸುವ ಕೆಲಸ. ಹಗಲೆಲ್ಲ ಅದೇ ಆದ್ದರಿಂದ ಕಾಲೇಜು ನಿಂತಿತ್ತು, ಪರೀಕ್ಷೆಗೆ ಹಾಜರಿ ಸಾಲದು ಅಂದರಂತೆ. ಬೆರಳೆಲ್ಲ ಜೀನ್ಸಿನ ನೀಲಿ. ಚಹಾ ತರಿಸಿದಳು. ನಾನು ಕೇಳದಿದ್ದರೂ ಅವಳೇ ಹೇಳಿದಳು, ಎರಡು ಕಡೇ ಭಾನುವಾರ ಕುರುಗೋಡಿಗೆ ಹೋಗಿ ಸಂಜೆ ಬಸ್ಸಿನ ತನಕ ಕೂತಿದ್ದಳಂತೆ. "ಬರ್ಲಿಲ್ಲ. ಗಂಡಗ ಸಂಶಯ ಬಂದೈತಿ ಕಾಣ್ತೈತಿ. ಹೊಡದಾನೋ ಏನೋ. ಯಾರನ್ನ ಕೇಳ್ಲಿ? ಈಗ ಹೋಗಂಗಿಲ್ಲ ಬಿಡ್ರಿ, ಭಾನುವಾರ ಓವರ್‌ಟೈಮ್ ಇರತೈತಿ."

ಚಹಾದ ಲೋಟ ಕೆಳಗಿಟ್ಟು, ಬೇರೆ ಯಾರದೋ ವಿಷಯ ಕೇಳುವ ಹಾಗೆ ಕೇಳಿದಳು. "ನನ್ನ ಫೈಲು ಮುಚ್ಚಿದ್ರೇನ್ರಿ? ಕಡೀಕ ಏನಂತ ಬರದ್ರಿ?"

ಫೈಲು ಮುಚ್ಚುವ ಹಾಳೆಯಲ್ಲಿ ಟಿಕ್ ಹಾಕಲು ಮೂರೇ ಚೌಕಗಳಿರುತ್ತವೆ: ನೌಕರಿ, ಮದುವೆ, ಕುಟುಂಬಕ್ಕೆ ಮರಳಿದ್ದು. ಅವಳಿಗಾಗ ನೌಕರಿ ಇರಲಿಲ್ಲ, ಮದುವೆ ಆಗಿರಲಿಲ್ಲ. ಮೂರನೆಯದಕ್ಕೇ ಟಿಕ್ ಹಾಕಿ ಅಂತ ಆಫೀಸಿನವರು ಅಂದಿದ್ದರು. ಹಾಕಿದ್ದೆ. ಅವಳ ಒಳ್ಳೆಯದಕ್ಕೆ ಬರೆಯದ ಸುಳ್ಳನ್ನು, ಫೈಲು ಮುಗಿಯಲಿ ಅಂತ ಬರೆದಿದ್ದೆ.

"ಕುಟುಂಬಕ್ಕೆ ಮರಳಿದಳು ಅಂತ," ಅಂದೆ.

ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. "ಛಲೋ ಆತು ಬಿಡ್ರಿ," ಅಂದಳು. "ಎಲ್ಲ್ಯರ ಒಂದು ಕಡಿ ಮರಳಿದ್ನಲ್ಲ."

ಅಷ್ಟರಲ್ಲಿ ಕೆಳಗಿನಿಂದ ಯಾರೋ ಕೂಗಿದರು, ಊಟದ ಹೊತ್ತು ಮುಗಿದಿತ್ತು. ನನ್ನ ಮಂಡಿ ನೋಡಿ, ಮೆಟ್ಟಿಲಿಳಿಯುವಾಗ ತೋಳು ಹಿಡಿದಳು, ನರ ಹುಡುಕುವಾಗ ಹಿಡಿಯುತ್ತಿದ್ದಷ್ಟೇ ಹಗುರವಾಗಿ. ಗಲ್ಲಿಯ ತುದಿಯಲ್ಲಿ ಒಂದು ಆಟೋ ನಿಲ್ಲಿಸಿ ಹತ್ತಿಸಿದಳು.

"ನಿಮ್ಮ ಅಜ್ಜೇನವಾ?" ಅಂತ ಆಟೋದವನು ಕೇಳಿದ.

"ಇಲ್ಲಣ್ಣ, ಪರಿಚಯದೋರು," ಅಂದಳು. "ನಿಧಾನ ಹೊಡಿ. ರಸ್ತೆ ತುಂಬ ಗುಂಡಿ ಅದಾವು."