ವಾಟರ್, ವಾಸರ್, ವಾಟ್ಟೆನ್

ಹಂಪಿ ತೋರಿಸುತ್ತ, ಎಲ್ಲರ ದನಿ ಅಣಕಿಸಿ ನಗಿಸುತ್ತ ಹೊಟ್ಟೆ ಹೊರೆಯುವ ನನಗೆ ಜರ್ಮನಿಯ ಅಜ್ಜಿಯೊಬ್ಬರು ಹೇಳಿದ್ದರು: ನೀರಿಗೆ ಇಂಗ್ಲಿಷರು ಅನ್ನುವ ವಾಟರ್, ಜರ್ಮನರ ವಾಸರ್, ಸ್ವೀಡನ್ನಿನವರ ವಾಟ್ಟೆನ್, ಮೂರೂ ಒಂದೇ ಹಳೇ ಭಾಷೆಯ ಮಕ್ಕಳು. ನಾನು ಬಿಡ್ತೀನಾ? ಮೂವರೂ ಒಂದು ಕೊಡಕ್ಕೆ ಜಗಳಾಡುವಂತೆ ಮೂರು ದನಿಯ ಅಣಕು ಕಟ್ಟಿದೆ. ಕಲಿಸಿದ್ದು ಒಬ್ಬನಿಗೇ, ನನ್ನಂತೆಯೇ ಗೈಡಾಗಿರುವ ಕಂಪ್ಲಿಯ ಜೀವದ ಗೆಳೆಯನಿಗೆ.

ಮೊನ್ನೆ ನನಗೆಂದೇ ಬಂದಿದ್ದ ಸ್ವೀಡನ್ ತಂಡದ ಮುಂದೆ ಅವನು ಅದನ್ನೇ ಆಡಿದ. ನಾನು ಹೊಸಪೇಟೆಯಿಂದ ಬಂದು ಹಂಪಿಯಲ್ಲಿ ಬಸ್ಸಿಳಿಯುವಷ್ಟರಲ್ಲಿ ಅವರೆಲ್ಲ ನಗುತ್ತ ಅವನ ಹಿಂದೆ ಹೊರಟಿದ್ದರು.

“ಅದು ನಂದಲೇ!” ಅಂದೆ.

“ಮಾತಿಗೆ ಮಾಲಕ ಇರ್ತಾನೇನಲೇ? ನೀನೂ ಆ ಅಜ್ಜಿ ಹತ್ರ ಎತ್ಕೊಂಡಿದ್ದಲ್ಲೇನು?”

ಊರವರ ದನಿಯನ್ನೆಲ್ಲ ಕದ್ದು ಬದುಕುವ ನಾನು ಅವನನ್ನು ಏನಂತ ಬೈಯಲಿ? ಈಗಲೂ ಎಲ್ಲರನ್ನೂ ಅಣಕಿಸುತ್ತೇನೆ. ಅವನ ದನಿಯೊಂದನ್ನು ಮಾತ್ರ ಬಿಟ್ಟುಬಿಟ್ಟಿದ್ದೇನೆ.