ನವಿಲುನೀಲಿಯ ಮೇಲೆ ಐದು ಬೆರಳು

ಅವ್ವನ ಹತ್ತಿರ ಒಂದು ನವಿಲುನೀಲಿ ರೇಷ್ಮೆ ಸೀರೆ ಇದೆ. ಅದರ ಸೆರಗಿನಲ್ಲಿ, ಜರಿ ಅಂಚಿನಿಂದ ಒಂದು ಗೇಣು ಒಳಗೆ, ನನ್ನ ಬಲಗೈ ಇದೆ. ಐದೂ ಬೆರಳು, ಅಂಗೈ, ಹೆಬ್ಬೆರಳಿನ ಬುಡದ ಉಬ್ಬು, ಏನೂ ಬಿಟ್ಟುಹೋಗಿಲ್ಲ. ಯಾವ ಕಳ್ಳನೂ ಪೊಲೀಸರಿಗೆ ಇಷ್ಟು ಚೆಂದದ ಗುರುತು ಬಿಟ್ಟುಕೊಟ್ಟಿರಲಾರ.

ಅಪ್ಪ ಸುಲ್ತಾನ್ ಬಜಾರಿನ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್. ಗಾಜಿನ ಬಾಗಿಲು, ಬೊಂಬೆಗಳು ಯಾವುದೂ ಇಲ್ಲದ ಹಳೇ ನಮೂನೆಯ ಅಂಗಡಿ. ನೆಲದ ತುಂಬ ಬಿಳಿ ಬಟ್ಟೆ ಹೊದಿಸಿದ ಗಾದಿ, ಗೋಡೆಗೆ ಒರಗಿಸಿದ ಬಿಳಿ ಲೋಡುದಿಂಬುಗಳು. ಸೇಲ್ಸ್‌ಮನ್ ಗಾದಿಯ ಮೇಲೆ ಕಾಲು ಮಡಚಿ ಕೂತು, ಕಪಾಟಿನಿಂದ ಸೀರೆ ಎಳೆದು, ಒಂದೇ ಬೀಸಿಗೆ ಬಿಡಿಸಿ, ಅದರ ಸೆರಗನ್ನು ತನ್ನ ಅಂಗೈ ಮೇಲೆ ಹರಡಿ ಹಿಡಿಯಬೇಕು. ಮೈಬಣ್ಣದ ಮೇಲೆ ಬಣ್ಣ ಹೇಗೆ ಕಾಣುತ್ತದೆ, ನೇಯ್ಗೆ ಎಷ್ಟು ಒತ್ತಾಗಿದೆ ಎಂದು ಗಿರಾಕಿ ನೋಡುವುದು ಅಲ್ಲೇ. ಇದಕ್ಕೆ ಅಂಗಡಿಯಲ್ಲಿ ‘ಕೈ ಮೇಲೆ ಹಾಕುವುದು’ ಎನ್ನುತ್ತಾರೆ. ಕೈ ಮೇಲೆ ಹಾಕಲು ಬಾರದವನು ಆ ಗಾದಿಯ ಮೇಲೆ ಕೂರುವಂತಿಲ್ಲ. ಅಂಗಡಿಯ ಸಾವಕಾರರೂ ನಮ್ಮ ಹಾಗೆ ರಾಯಚೂರು ಕಡೆಯಿಂದ ಈ ತೆಲುಗು ಊರಿಗೆ ಬಂದವರೇ. ಗಿರಾಕಿಗಳ ಮುಂದೆ ತೆಲುಗು, ಹಿಂದಿ, ಬೈಗುಳಕ್ಕೆ ಮಾತ್ರ ಕನ್ನಡ.

ನನಗೆ ಆ ಗಾದಿ ಬೇಕಿತ್ತು. ಚಿಕ್ಕಂದಿನಿಂದಲೂ ನಾನು ಎಲ್ಲರ ದನಿ ತೆಗೆಯುವವನು. ಕುಕ್ಕರು, ಪಾರಿವಾಳ, ಮೆಟ್ರೋ ನಿಲ್ದಾಣದ ಹೆಣ್ಣುದನಿ, ನಮ್ಮ ಸಾವಕಾರರ ಎಲೆಅಡಿಕೆ ದನಿ, ಎಲ್ಲ ನನ್ನ ಗಂಟಲಲ್ಲೇ ಬಾಡಿಗೆಗಿದ್ದವು. ‘ಇದರಾಗ ಇನ್ನೊಂದು ಬಣ್ಣ’ ಎಂದು ಎಪ್ಪತ್ತು ಸೀರೆ ಹರವಿಸಿ ಎದ್ದುಹೋಗುವ ಹೆಂಗಸನ್ನು, ಪಕ್ಕದಲ್ಲಿ ಕೂತು ಆಕಳಿಸುವ ಗಂಡನನ್ನು ಮಾಡಿ ತೋರಿಸಿದರೆ ಅಂಗಡಿಯೇ ನಗುತ್ತಿತ್ತು. ಇಂಥವನು ಗಾದಿಯ ಮೇಲೆ ಕೂತರೆ ಯಾವ ಗಿರಾಕಿ ಬರಿಗೈಲಿ ಹೋದಾನು? ಅಡ್ಡ ಇದ್ದದ್ದು ಒಂದೇ. ನನ್ನ ಅಂಗೈ ಬೆವರುತ್ತಿತ್ತು.

ಬೆವರುತ್ತಿತ್ತು ಎಂದರೆ ಎಲ್ಲರ ಹಾಗಲ್ಲ. ತೊಟ್ಟಿಕ್ಕುತ್ತಿತ್ತು. ಮೇ ತಿಂಗಳಿರಲಿ, ಜನವರಿ ಇರಲಿ, ಕೈಗೆ ಹವಾಮಾನದ ಗೊಡವೆಯೇ ಇರಲಿಲ್ಲ. ಪರೀಕ್ಷೆಯಲ್ಲಿ ಕೈ ಕೆಳಗೆ ಕರವಸ್ತ್ರ ಹಾಸಿ ಬರೆಯುತ್ತಿದ್ದೆ, ಆದರೂ ಉತ್ತರಗಳು ಪುಟದ ಕೊನೆಗೆ ಬರುವಷ್ಟರಲ್ಲಿ ಕರಗಿರುತ್ತಿದ್ದವು. ಅಂಕ ಕಡಿಮೆ ಬಂದಾಗ ಈ ಕಾರಣವನ್ನು ಧಾರಾಳವಾಗಿ ಬಳಸಿಕೊಂಡೆ. ಸನತ್‌ನಗರದ ಒಂದು ಕಾರ್ಖಾನೆಯಲ್ಲಿ ಎರಡು ತಿಂಗಳು ಕೆಲಸಕ್ಕೆ ಹೋದೆ. ಹಾಜರಿ ಹಾಕುವ ಯಂತ್ರ ನನ್ನ ಒದ್ದೆ ಬೆರಳನ್ನು ಒಂದು ದಿನವೂ ಗುರುತಿಸಲಿಲ್ಲ. ಯಂತ್ರದ ಲೆಕ್ಕದಲ್ಲಿ ನಾನು ಅಲ್ಲಿಗೆ ಹೋಗಿಯೇ ಇಲ್ಲ.

ಎಲ್ಲಕ್ಕಿಂತ ಕಷ್ಟದ ದಿನ ದಸರೆ. ನಮ್ಮ ಕಡೆ ಬನ್ನಿ ಅನ್ನುವುದನ್ನು ಇಲ್ಲಿ ಜಮ್ಮಿ ಅನ್ನುತ್ತಾರೆ, ಎಲೆ ಒಂದೇ. ಅದನ್ನು ಒಬ್ಬರ ಅಂಗೈಯಲ್ಲಿ ಒಬ್ಬರು ಇಟ್ಟು, ಆಮೇಲೆ ಅಪ್ಪಿಕೊಳ್ಳಬೇಕು. ನನ್ನ ಅಂಗೈಗೆ ಬಂದ ಎಲೆ ವಾಪಸ್ ಹೋಗುತ್ತಲೇ ಇರಲಿಲ್ಲ, ಅಂಟಿಕೊಂಡು ಕೂರುತ್ತಿತ್ತು. ಎದುರಿನವರು ಕೈ ಎಳೆದುಕೊಂಡು ಪಂಚೆಗೆ ಒರೆಸುವಷ್ಟರಲ್ಲಿ ಅಪ್ಪ ಪಕ್ಕದಿಂದ ಹೇಳುತ್ತಿದ್ದ: “ಈಗಷ್ಟ ಕೈ ತೊಳಕೊಂಡ ಬಂದಾನ್ರಿ.” ಹತ್ತು ವರ್ಷ ನಾನು ಈಗಷ್ಟೇ ಕೈ ತೊಳೆದುಕೊಂಡು ಬಂದವನು. ಕೊನೆಗೆ ಎಲೆಯ ಗೋಜೇ ಬೇಡವೆಂದು ಬಂದವರನ್ನೆಲ್ಲ ನೇರವಾಗಿ ಅಪ್ಪಿಕೊಳ್ಳತೊಡಗಿದೆ. ಹುಡುಗನಿಗೆ ಭಾಳ ಪ್ರೀತಿ ಎಂದು ಓಣಿಯಲ್ಲಿ ಹೆಸರಾಯಿತು.

ಡಿಗ್ರಿ ಮುಗಿದ ಮೇಲೆ ಅಪ್ಪ ಸಾವಕಾರರ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಕೇಳಿಕೊಂಡು ನನ್ನನ್ನು ಗಾದಿಯ ಮೇಲೆ ಕೂರಿಸಿದ. ನಾನು ಬುದ್ಧಿವಂತಿಕೆ ಮಾಡಿದೆ. ಮನೆಯಿಂದ ಹೊರಡುವಾಗ ಪೌಡರ್ ಡಬ್ಬಿ ಜೇಬಿಗಿಳಿಸಿಕೊಂಡು ಬಂದು, ಗಿರಾಕಿ ಚಪ್ಪಲಿ ಬಿಡುವಷ್ಟರಲ್ಲಿ ಎರಡೂ ಕೈಗೆ ಸುರಿದುಕೊಂಡೆ. ಮದುವೆಯ ಸೀರೆಗೆ ಬಂದ ತಾಯಿ, ಮಗಳು. ನವಿಲುನೀಲಿಯನ್ನು ಅಪ್ಪನ ಹಾಗೆಯೇ ಬೀಸಿ ಬಿಡಿಸಿದೆ, ಸೆರಗನ್ನು ಕೈ ಮೇಲೆ ಹಾಕಿದೆ, ಅಪ್ಪನ ದನಿಯಲ್ಲೇ ಜರಿಯ ಗುಣಗಾನ ಮಾಡಿದೆ. ಕೈ ತೆಗೆದಾಗ ಸೀರೆಯ ಮೇಲೆ ಬಿಳಿ ಅಂಗೈ ಕೂತಿತ್ತು. ಪೌಡರೂ ಬೆವರೂ ಸೇರಿ ಸುಣ್ಣದ ಹಾಗೆ ಆಗಿಬಿಟ್ಟಿತ್ತು. ಇದೇನು ಹೊಸ ಡಿಸೈನಾ ಎಂದು ಮದುಮಗಳು ತೆಲುಗಿನಲ್ಲಿ ಕೇಳಿದಳು. ಅವಳ ತಾಯಿ ಚಪ್ಪಲಿ ಹುಡುಕತೊಡಗಿದಳು.

ಸಾವಕಾರರು ಕನ್ನಡಕ ಹಣೆಗೇರಿಸಿದರು. “ಏನ್ ಹಚ್ಚೀಯೋ ಕೈಗೆ?”

“ಪೌಡರ್ ರೀ.”

“ಸೀರಿ ಮಾರಾಕ ಬಂದೀಯೋ, ತೊಟ್ಟಿಲದಾಗ ಮಲಗಾಕ ಬಂದೀಯೋ?”

ಆ ಸೀರೆಯ ದುಡ್ಡನ್ನು ಅಪ್ಪನ ಪಗಾರದಲ್ಲಿ ಮುರಿದುಕೊಂಡರು, ಸೀರೆ ನಮ್ಮ ಮನೆಗೆ ಬಂತು. ಎಷ್ಟು ತೊಳೆದರೂ ಗುರುತು ಮಾಸಿತೇ ಹೊರತು ಹೋಗಲಿಲ್ಲ. ಅವ್ವ ಮಾತ್ರ ಅದನ್ನು ಮಡಿಲಲ್ಲಿ ಹರಡಿಕೊಂಡು ಹೇಳಿದಳು: “ಒಂದು ರೇಷ್ಮಿ ಸೀರಿ ಕೊಡಸ್ರಿ ಅಂತ ನಿಮ್ಮಪ್ಪಗ ಹೇಳಿ ಹೇಳಿ ಸಾಕಾಗಿತ್ತು. ನೀ ಒಂದ ಕೈಲೆ ಕೊಡಿಸಿದಿ ನೋಡು.”

ಅಲ್ಲಿಂದ ಮುಂದೆ ನನ್ನ ಜಾಗ ಅಂಗಡಿಯ ಮೆಟ್ಟಿಲು. ಬೀದಿಯಲ್ಲಿ ಹೋಗುವವರನ್ನು ಕೂಗಿ ಕರೆಯುವುದು. ನಾನು ಮೂರು ಭಾಷೆ, ಹನ್ನೆರಡು ದನಿಯಲ್ಲಿ ಕೂಗಿ ಜನರನ್ನು ಒಳಗೆ ಕಳಿಸುತ್ತಿದ್ದೆ. ಒಳಗೆ ಕೈ ಒಣಗಿದವರು ಮಾರುತ್ತಿದ್ದರು.

ಔಷಧಿ ಮಾಡದೆ ಇರಲಿಲ್ಲ. ಚರ್ಮದ ಡಾಕ್ಟರು ಮೊದಲು ಕೊಟ್ಟ ಲೋಶನ್ ಕೈ ಉರಿಸಿತು, ಒಣಗಿಸಲಿಲ್ಲ. ಆಮೇಲೆ ನೀರಿನ ತಟ್ಟೆಗಳಲ್ಲಿ ಕೈ ಮುಳುಗಿಸಿ ಸಣ್ಣಗೆ ಕರೆಂಟು ಹರಿಸಿದರು. ಒಣಗಿತು, ಬಿಟ್ಟರೆ ಎಂಟು ದಿನದಲ್ಲಿ ಮತ್ತೆ ಅದೇ. ಮಾತ್ರೆ ಕೊಟ್ಟರು. ಮಾತ್ರೆಗೆ ಕೈ ಸ್ವಲ್ಪ ಒಣಗಿತು, ಬಾಯಿ ಪೂರ್ತಿ ಒಣಗಿತು. ಆ ವಾರ ಒಂದು ಮದುವೆಯಲ್ಲಿ ನನ್ನ ಮಿಮಿಕ್ರಿ ಇತ್ತು. ಪಾರಿವಾಳ ಮಾಡಲು ಹೋದರೆ ಹರಿದ ಚಪ್ಪಲಿ ಎಳೆದ ಸಪ್ಪಳ ಬಂತು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು, ಹರಿದ ಚಪ್ಪಲಿಯನ್ನೇ ಮಾಡುತ್ತಿದ್ದೇನೆ ಎಂದುಕೊಂಡು.

ಕೊನೆಗೆ ಆ ಡಾಕ್ಟರೇ ಒಬ್ಬ ಸರ್ಜನ್ ಹತ್ತಿರ ಕಳಿಸಿದರು. ಅವರು ಹೆಂಗಸು, ಮಾತು ಕಡಿಮೆ. ಕಾಗದದ ಮೇಲೆ ಏಣಿಯ ಹಾಗೆ ಪಕ್ಕೆಲುಬು ಬರೆದು, ಬೆನ್ನುಮೂಳೆಯ ಪಕ್ಕ ಒಂದು ಗೆರೆ ಎಳೆದರು. ಕೈಗೆ ‘ಬೆವರು’ ಎಂದು ಸುದ್ದಿ ಒಯ್ಯುವ ನರ ಇದು. ಎರಡೂ ಕಂಕುಳ ಕೆಳಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಈ ನರವನ್ನು ಕತ್ತರಿಸುತ್ತೇವೆ. ಕೈ ಒಣಗುತ್ತದೆ. ಆದರೆ ಬೆವರು ಬೇರೆ ಕಡೆ ಹೆಚ್ಚಾಗಬಹುದು: ಬೆನ್ನು, ಹೊಟ್ಟೆ, ತೊಡೆ. ಕೆಲವರಿಗೆ ಅದೇ ಮೊದಲಿನದಕ್ಕಿಂತ ಕಷ್ಟ. ಕತ್ತರಿಸಿದ್ದನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಇಷ್ಟನ್ನು ಹಿಂದಿಯಲ್ಲಿ ಹೇಳಿ, ಅರ್ಥವಾಗಿದ್ದರೆ ತಿರುಗಿ ಹೇಳು ಎಂದರು. ನಾನು ಅವರದೇ ದನಿಯಲ್ಲಿ, ಅವರ ಹಾಗೆಯೇ ಪೆನ್ನು ಮೇಜಿಗೆ ಕುಟ್ಟುತ್ತ ಹೇಳಿದೆ. ನರ್ಸ್ ನಕ್ಕರು. ಡಾಕ್ಟರು ನಗಲಿಲ್ಲ.

“ಈಗ ನಿನ್ನ ದನಿಯಲ್ಲಿ ಹೇಳು,” ಎಂದರು.

ನನ್ನ ದನಿಯಲ್ಲಿ ಹೇಳುವಾಗ ‘ಜೋಡಿಸಲು ಬರುವುದಿಲ್ಲ’ ಎಂಬಲ್ಲಿಗೆ ಬಂದು ತಡವರಿಸಿದೆ. ಆಮೇಲೆ ಪೂರ್ತಿ ಮಾಡಿದೆ.

ಮನೆಯಲ್ಲಿ ಅಪ್ಪ ಒಪ್ಪಲಿಲ್ಲ. “ಕೈ ಒಣಗ್ಸಾಕ ಎದಿಗೆ ತೂತು ಹೊಡಿಸ್ಕೊಂತಾರೇನು?”

“ಕೈಗೆ ಹೊಡಿಸ್ಕೊಂಡ್ರ ಸೀರಿ ಹಿಡಿಯಾಕ ಬರೂದಿಲ್ಲಪ್ಪ.”

“ಬೆವರು ಒಂದು ರೋಗೇನು? ನಮ್ಮ ಕಡಿ ಮಂದಿ ಬಂದು ಇಲ್ಲಿ ಬಿಲ್ಡಿಂಗ್ ಕಟ್ಟಾಕತ್ತಾರ. ದಿನಾ ಬೆವರತಾರ. ಅವರೇನು ದವಾಖಾನಿಗೆ ಹೊಂಟಾರೇನು?”

“ಅವರು ದುಡದು ಬೆವರತಾರ. ನಾ ಟಿವಿ ನೋಡಕೊಂತ ಬೆವರತೀನಿ.”

ಅವ್ವ ನಕ್ಕಳು. ಅಪ್ಪ ನಗದೆ ಎದ್ದ. ಆಗ ನನಗೆ ಎಲ್ಲಿತ್ತೋ ಸಿಟ್ಟು. “ಹತ್ತು ವರ್ಷ ಎಲ್ಲಾರ ಮುಂದ ನನ್ನ ಸಲುವಾಗಿ ಒಂದ ಸುಳ್ಳು ಹೇಳಕೊಂತ ಬಂದಿ ನೀ. ಈಗಷ್ಟ ಕೈ ತೊಳಕೊಂಡ ಬಂದಾನ ಅಂತ. ನನ್ನ ಕೈ ಕಂಡು ನನಗ ನಾಚಿಕಿ ಇಲ್ಲ, ನಿನಗೈತಿ. ನನಗ ಬೇಕಾಗಿದ್ದು ಗಾದಿ. ಅದಕ್ಕ ಹೊಂಟೀನಿ.”

ಅಪ್ಪ ಬಾಗಿಲಲ್ಲೇ ನಿಂತ.

“ಹೋಗ್ಲಿ ಬಿಡ್ರಿ,” ಎಂದಳು ಅವ್ವ. “ಅವನ ಕೈ, ಅವನ ಬೆನ್ನು.”

ಆಪರೇಶನ್ ಮುಗಿದು ಎಚ್ಚರವಾದಾಗ ಎದೆಯ ಎರಡೂ ಪಕ್ಕ ಯಾರೋ ಮೊಣಕಾಲು ಊರಿ ಕೂತ ಹಾಗಿತ್ತು. ಉಸಿರು ಎಳೆದರೆ ನೋವು. ನಾನು ಮೊದಲು ಮಾಡಿದ್ದು ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿದ್ದು. ಸಪ್ಪಳ ಬಂತು. ಒಣ ಚರ್ಮಕ್ಕೆ ಒಣ ಚರ್ಮ ಉಜ್ಜಿದರೆ ಸಪ್ಪಳ ಬರುತ್ತದೆ ಎಂಬುದು ನಿಮಗೆಲ್ಲ ಗೊತ್ತಿರಬಹುದು. ನನಗೆ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಗೊತ್ತಾಯಿತು. ಅಂಗೈ ಬೆಚ್ಚಗೂ ಇತ್ತು.

ಅವ್ವನನ್ನು ಕರೆಯಲು ಬಾಯಿ ತೆರೆದೆ. ದನಿ ಬರಲಿಲ್ಲ, ಬರೀ ಕರಕರ. ಗಂಟಲಿಗೆ ನಳಿಗೆ ಹಾಕಿರುತ್ತಾರೆ, ಎರಡು ಮೂರು ದಿನ ದನಿ ಒಡೆದಿರುತ್ತದೆ ಎಂದು ಮೊದಲೇ ಹೇಳಿದ್ದರು. ಆಗ ತಲೆಯಾಡಿಸಿದ್ದೆ. ಈಗ ನಂಬಿಕೆ ಬರಲಿಲ್ಲ. ಕೈ ಕೊಟ್ಟು ಗಂಟಲು ಕಿತ್ತುಕೊಂಡರೇ?

ಅಪ್ಪ ಬಂದು ಮಂಚದ ಪಕ್ಕ ಕೂತ. ಆಮೇಲೆ ನನ್ನ ಕೈ ಎತ್ತಿಕೊಂಡು, ಅಂಗಡಿಯಲ್ಲಿ ಹೊಸ ಮಾಲು ಬಂದಾಗ ಮಾಡುವ ಹಾಗೆ, ಕೆಳಗೆ ಎರಡು ಬೆರಳು ಕೊಟ್ಟು ಮೇಲೆ ಹೆಬ್ಬೆರಳಿನಿಂದ ತಿಕ್ಕಿ ನೋಡಿದ. ಎರಡು ಸಲ ನೋಡಿದ.

“ಹತ್ತಿ ಆಗೈತಿ,” ಎಂದ.

ನಾನು ಆ ಒಡಕು ಗಂಟಲಲ್ಲಿ, “ಏನ್ ಹಚ್ಚೀಯೋ ಕೈಗೆ?” ಎಂದೆ. ಅಪ್ಪ ಥಟ್ಟನೆ ಬಾಗಿಲ ಕಡೆ ತಿರುಗಿ ಎದ್ದು ನಿಂತ, ಸಾವಕಾರರು ಬಂದರೆಂದು. ಗಂಟಲು ಎಲ್ಲಿಗೂ ಹೋಗಿರಲಿಲ್ಲ.

ಡಾಕ್ಟರು ಹೇಳಿದ್ದೂ ಸುಳ್ಳಾಗಲಿಲ್ಲ. ಬೇಸಿಗೆ ಬಂದಾಗ ಬೆವರು ಮನೆ ಬದಲಿಸಿತ್ತು. ಕತ್ತಿನ ಕೆಳಗಿನಿಂದ ಹೊರಟು ಬೆನ್ನಗುಂಟ ಇಳಿದು ಬೆಲ್ಟಿನಲ್ಲಿ ನಿಲ್ಲುತ್ತಿತ್ತು. ದಿನಕ್ಕೆ ಮೂರು ಅಂಗಿ. ಮೆಟ್ರೋದಲ್ಲಿ ನಾನು ಎದ್ದ ಸೀಟಿಗೆ ಕೂರಲು ಬಂದವರು ನೋಡಿ ನಿಂತೇ ಹೋಗುತ್ತಿದ್ದರು. ಎಲ್ಲರೂ ಮಾಡಿಸಿಕೊಳ್ಳಿ ಎಂದು ಹೇಳಲು ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತವನಲ್ಲ. ಬೇರೆಯವರ ಬೆನ್ನಿನ ಮಾತು ನನಗೆ ಗೊತ್ತಿಲ್ಲ. ನನ್ನದು ಗೊತ್ತು: ಒಂದು ದಿನವೂ ಆ ನರ ವಾಪಸ್ ಕೇಳಿಲ್ಲ.

ಆ ವರ್ಷದ ದಸರೆಗೆ ಅವ್ವ ನವಿಲುನೀಲಿ ಉಟ್ಟಳು. ಕೈ ಗುರುತು ಮುಂದೆ ಕಾಣುವ ಹಾಗೆ ಸೆರಗು ಹೊದ್ದು, ಕೇಳಿದವರಿಗೆಲ್ಲ “ನಮ್ಮ ಹುಡುಗಂದು” ಎಂದಳು. ನಾವು ಮೂವರೂ ಅಂಗಡಿಗೆ ಹೋದೆವು. ಪೂಜೆಯಾದ ಮೇಲೆ ಸಾವಕಾರರು ಎಲ್ಲರಿಗೂ ಬನ್ನಿ ಕೊಡುವುದು ಅಲ್ಲಿಯ ರೂಢಿ. ನನ್ನ ಅಂಗೈಗೆ ಎಲೆ ಹಾಕಿದರು. ಎಲೆ ಅಂಟಲಿಲ್ಲ, ಫ್ಯಾನಿನ ಗಾಳಿಗೆ ಹಾರಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡು ಮುಷ್ಟಿ ಬಿಗಿ ಮಾಡಿದೆ. ಸಾವಕಾರರ ಹುಬ್ಬು ಮೇಲೇರಿತು. ಆಮೇಲೆ ಅಪ್ಪಿಕೊಂಡರು. ಅವರ ಎರಡೂ ಕೈ ನನ್ನ ಬೆನ್ನಿಗೆ ಬಂದು, ಅಲ್ಲೇ ನಿಂತು, ಮೆಲ್ಲಗೆ ಹಿಂದೆ ಸರಿದವು. ಅವರು ತಮ್ಮ ಅಂಗೈ ನೋಡಿಕೊಂಡರು.

ಪಕ್ಕದಲ್ಲಿ ಅಪ್ಪ ಬಾಯಿ ತೆರೆಯುವುದು ಕಾಣಿಸಿತು. ನಾನೇ ಮೊದಲು, ಅಪ್ಪನದೇ ದನಿಯಲ್ಲಿ ಹೇಳಿದೆ: “ಈಗಷ್ಟ ಬೆನ್ನು ತೊಳಕೊಂಡ ಬಂದಾನ್ರಿ.”

ಮೊದಲು ಅವ್ವ ನಕ್ಕಳು, ಆಮೇಲೆ ಸೇಲ್ಸ್‌ಮನ್‌ಗಳು, ಎಲ್ಲರಿಗಿಂತ ಕೊನೆಗೆ ಅಪ್ಪ.

ಸಾವಕಾರರು ಕೈ ಒರೆಸಿಕೊಂಡರು. “ಕೈಯಾಗಿಂದು ಹೋಗಿ ಬೆನ್ನಿಗೆ ಬಂತು. ಏನ್ ಲಾಭ ಆತೋ?”

“ಸೀರಿ ಕೈಲೆ ತೋರಸ್ತಾರ್ರಿ, ಬೆನ್ನಿಲೆ ಅಲ್ಲ. ಗಿರಾಕಿ ನನ್ನ ಮುಂದ ಕುಂಡ್ರತಾರ.”

“ಲೋಡು ತೊಯ್ತೈತಲ್ಲೋ?”

“ಗಾದಿ ಮ್ಯಾಲ ಕುಂತಾಂವ ಒರಗಬಾರದು ಅಂತ ನೀವ ದಿನಾ ಬೈತೀರಿ. ನಾ ಒರಗೂದಿಲ್ಲ, ತಗೋರಿ.”

ಅವರು ಕಪಾಟಿನಿಂದ ಒಂದು ಕೆನೆಬಣ್ಣದ ರೇಷ್ಮೆ ಎಳೆದು ಎಸೆದರು. ನೀರಿನ ಒಂದು ಹನಿ ಬಿದ್ದರೂ ಊರಿಗೆಲ್ಲ ಕಾಣುವ ಬಣ್ಣ. ನಾನು ಕೂತೆ. ಬೀಸಿ ಬಿಡಿಸಿದೆ. ಸೆರಗನ್ನು ಕೈ ಮೇಲೆ ಹಾಕಿ ಹಿಡಿದೆ. ಅವರು ಚಹಾ ತರಿಸಿದರು, ಬೇಕೆಂದೇ ಆರಿಸಿ ಆರಿಸಿ ಕುಡಿದರು. ನನ್ನ ಬೆನ್ನಿನಲ್ಲಿ ಹೊಳೆ ಇಳಿಯುತ್ತಿತ್ತು, ಇಳಿಯಲಿ ಎಂದು ಬಿಟ್ಟೆ. ಕಪ್ಪು ಖಾಲಿಯಾದ ಮೇಲೆ ಅವರೇ ಬಂದು ಸೆರಗು ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದರು.

“ನಾಳಿಂದ ಲಗೂನ ಬಾ,” ಎಂದರು.

ಈಗ ಅಪ್ಪನ ಪಕ್ಕದ ಜಾಗ ನನ್ನದು. ಮೊನ್ನೆ ಮಧ್ಯಾಹ್ನ ಗಿರಾಕಿ ಇರಲಿಲ್ಲ, ಸಾವಕಾರರು ಬೇಗಂ ಬಜಾರಿಗೆ ಹೋಗಿದ್ದರು. ಕೊಟ್ಟ ಮಾತು ಮುರಿದು ಹಾಯಾಗಿ ಲೋಡಿಗೆ ಒರಗಿದೆ. ಎದ್ದು ನೋಡಿದರೆ ಬಿಳಿ ಬಟ್ಟೆಯ ಮೇಲೆ ನನ್ನ ಇಡೀ ಬೆನ್ನು, ಎರಡೂ ಭುಜದ ಸಮೇತ. ಅಪ್ಪನೂ ನೋಡಿದ. ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ ಲೋಡಿಗೆ ಕೈ ಹಾಕಿದ.

“ತಿರುವಿ ಇಡಲೇನು?”

“ಬ್ಯಾಡ ಬಿಡಪ್ಪ,” ಎಂದೆ. “ಇರ್ಲಿ ಅದು. ಅದರಷ್ಟಕ್ಕ ಅದು ಒಣಗ್ತೈತಿ.”