ಅಮ್ಮ ಆರಿಸಿದ ನಾಲ್ಕು ಟಯರು

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವನು ನಾನು. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ, ಟಯರಿನ ವಿಷಯ ಬರೆಯುವಾಗಲೂ ಹೇಳುತ್ತೇನೆ. ಯಾಕೆಂದರೆ ಅದು ಪುಕ್ಕಟೆ ಸಿಕ್ಕಿದ್ದಲ್ಲ. ಹಗಲು ಕಾರ್ಖಾನೆ, ಸಂಜೆ ಕಾಲೇಜು, ಭೌತಶಾಸ್ತ್ರದಲ್ಲಿ ಒಂದು ಸಲ ಫೇಲು. ಫೇಲಾದ ಪುಣ್ಯಕ್ಕೆ ಘರ್ಷಣೆಯ ಪಾಠವನ್ನು ಎರಡು ಸಲ ಓದಿದೆ, ಈಗಲೂ ಬಾಯಿಗೆ ಬರುತ್ತದೆ.

ನನ್ನನ್ನು ಓದಿಸಿದ್ದು ಅಮ್ಮ. ಹಲಸೂರಿನ ಮಾರ್ಕೆಟ್ ಬೀದಿಯಲ್ಲಿ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಹೂ ಮಾರುತ್ತಿದ್ದಳು. ಕಾರು ಹೋದಾಗಲೆಲ್ಲ ಮಲ್ಲಿಗೆಯ ಮೇಲೆ ಧೂಳು ಬೀಳದಂತೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಒಂದಲ್ಲ ಒಂದು ದಿನ ಅದೇ ಬೀದಿಯಲ್ಲಿ ಅವಳನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಹೋಗಬೇಕು, ಅವಳ ಜೊತೆಯವರೆಲ್ಲ ನೋಡಬೇಕು. ಇದೊಂದು ಆಸೆ ನನಗೆ ಹಠದಂತೆ ಅಂಟಿಕೊಂಡಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ, ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆದೆ. ಆಗ ಎಲ್ಲರ ಹಾಗೆ ನಾಲ್ಕು ಬಾಗಿಲಿನ ಮರ್ಯಾದಸ್ಥ ಕಾರು ಕೊಳ್ಳಬಹುದಿತ್ತು. ನಾನು ಕೊಂಡದ್ದು ಕಂಟೋನ್ಮೆಂಟಿನ ಒಂದು ಬಂಗಲೆಯ ಹಿಂದೆ ಹುಣಸೆಮರದ ಕೆಳಗೆ ನಿಂತಿದ್ದ ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರನ್ನು. ಕೆಂಪು ಬಣ್ಣ, ಎರಡೇ ಬಾಗಿಲು, ಎರಡೇ ಸೀಟು. ಮರದ ಮೇಲಿನ ಕಾಗೆಗಳೂ ಅದಕ್ಕೆ ಸ್ವಲ್ಪ ಬಣ್ಣ ಹಚ್ಚಿದ್ದವು. ರಾಮಮೂರ್ತಿ ನಗರದ ನಮ್ಮ ಬಾಡಿಗೆ ಮನೆಯ ಮುಂದೆ ತಂದು ನಿಲ್ಲಿಸಿದಾಗ ಓನರ್ ಆಂಟಿ ಒಳಗೆ ಇಣುಕಿ ಕೇಳಿದರು: "ಮಿಕ್ಕಿದ ಸೀಟು ಯಾವಾಗ ಹಾಕ್ಕೊಡ್ತಾರಪ್ಪ?"

ಮೊದಲ ದಿನವೇ ಅಮ್ಮನನ್ನು ಕೂರಿಸಿಕೊಂಡು ಹಲಸೂರಿಗೆ ಹೊರಟೆ. ಕಾರಿನ ಟಯರುಗಳು ನಾಲ್ಕೂ ಸವೆದು ಬೋಳಾಗಿದ್ದವು. ಕೆರೆ ಹತ್ತಿರ ತುಂತುರು ಮಳೆ, ಎದುರಿಗೊಂದು ಎಮ್ಮೆ. ಬ್ರೇಕ್ ಒತ್ತಿದೆ. ಕಾರು ನಿಲ್ಲುವ ಬದಲು ನಾಟ್ಯದ ಹೆಜ್ಜೆ ಹಾಕಿ, ಪೂರ್ತಿ ತಿರುಗಿ, ಬಂದ ದಾರಿಗೆ ಮುಖ ಮಾಡಿ ನಿಂತಿತು. ಎಮ್ಮೆ ಮೆಲುಕು ಹಾಕುವುದನ್ನೂ ಬಿಡಲಿಲ್ಲ.

ಅಮ್ಮ ಸೆರಗು ಸರಿಮಾಡಿಕೊಂಡು ಹೇಳಿದಳು: "ಇದಕ್ಕೇ ಮನೆಗೆ ಹೋಗ್ಬೇಕು ಅಂತ ಅನ್ನಿಸಿದೆ. ನನ್ನ ಇಳಿಸು."

ಇಳಿಯುವುದೂ ಸುಲಭವಿರಲಿಲ್ಲ. ಆ ಕಾರಿನ ಸೀಟು ಊಟದ ಮಣೆಗಿಂತ ಒಂದಿಷ್ಟೇ ಎತ್ತರ. ದಾರಿಯಲ್ಲಿ ಹೋಗುತ್ತಿದ್ದವರು ಕೈ ಕೊಟ್ಟು ಎಳೆದ ಮೇಲೆ ಎದ್ದು ನಿಂತಳು. ಟಯರು ಸರಿಯಾಗುವ ತನಕ ಹತ್ತುವುದಿಲ್ಲ ಎಂದು ಮುರುಗನ ಮೇಲೆ ಆಣೆಯಿಟ್ಟು ಆಟೋ ಹತ್ತಿಯೇ ಬಿಟ್ಟಳು.

ಸರಿ, ಟಯರು. ಕಾರ್ಖಾನೆಯಲ್ಲಿ ನನ್ನ ಗೆಳೆಯನೊಬ್ಬನಿದ್ದ, ಅವನ ಹತ್ತಿರ ಇದ್ದದ್ದು ಮೊಪೆಡ್ಡು. ಆದರೆ ರೇಸ್ ಕಾರಿನ ವಿಷಯದಲ್ಲಿ ಅವನ ಮಾತೇ ಕೊನೆ.

"ಮಗಾ, ಸ್ಪೋರ್ಟ್ಸ್ ಕಾರ್‌ಗೆ ಮಾಮೂಲಿ ಟಯರ್ ಹಾಕೋದು ಅಂದ್ರೆ ಮದ್ವೆ ಗಂಡಿಗೆ ಹವಾಯಿ ಚಪ್ಪಲಿ ಹಾಕ್ದಂಗೆ. ಪರ್ಫಾರ್ಮೆನ್ಸ್ ಟಯರೇ ಹಾಕ್ಸು."

"ರೇಟ್ ಕೇಳಿದೀಯಾ ಗುರು? ನಾಲ್ಕು ಟಯರ್‌ಗೆ ಕಾರೇ ಬರುತ್ತೆ."

"ಹಂಗಾದ್ರೆ ಮೂರು ಹಾಕ್ಸು."

ಅವನನ್ನು ಬಿಟ್ಟು ನನ್ನ ಡಿಗ್ರಿಯನ್ನು ನಂಬಿದೆ. ಮೆತ್ತನೆಯ ರಬ್ಬರು ನೆಲವನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಾಳಿಕೆ ಬರುತ್ತದೆ, ಮಳೆಯಲ್ಲಿ ಕೈ ಕೊಡುತ್ತದೆ. ಮಳೆನೀರು ಹೊರಗೆ ಹರಿದುಹೋಗಲು ಆಳವಾದ ಗೀರುಗಳಿರಬೇಕು. ವಿದೇಶಿ ಕಾರುಗಳಿಂದ ಬಿಚ್ಚಿದ ಸೆಕೆಂಡ್‌ಹ್ಯಾಂಡ್ ಟಯರುಗಳು ಅಗ್ಗವಾಗಿ ಸಿಗುತ್ತಿದ್ದವು, ಕಪ್ಪು ಪಾಲಿಷ್ ಹೊಡೆದು ಹೊಸ ಮದುಮಗಳಂತೆ ಕೂರಿಸಿರುತ್ತಿದ್ದರು. ಆದರೆ ಪಕ್ಕದಲ್ಲಿ ಅಚ್ಚಾದ ತಯಾರಿಕೆಯ ವಾರ ಮತ್ತು ವರ್ಷ ಓದಿದರೆ ವಯಸ್ಸು ಬಯಲಾಗುತ್ತಿತ್ತು. ಉಳಿದದ್ದು ಒಂದೇ ದಾರಿ. ನಮ್ಮ ದೇಶದಲ್ಲೇ ಮಾಡಿದ, ಅಗಲವಾದ, ಮಳೆಗೂ ಒದಗುವ ಟಯರು. ಅಂಥ ಎರಡು ಮೂರು ಬಗೆಯವು ಶಿವಾಜಿನಗರದ ಒಂದು ಅಂಗಡಿಯಲ್ಲಿವೆ ಎಂದು ತಿಳಿಯಿತು. ಆರಿಸುವಾಗ ಅಮ್ಮನೂ ಇದ್ದರೆ ಅವಳ ಹೆದರಿಕೆ ಹೋದೀತು ಅಂದುಕೊಂಡೆ.

ಹಾಗಾಗಿ ಒಂದು ಭಾನುವಾರ ಮುಂದೆ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ನಾನು, ಹಿಂದೆ ಆಟೋದಲ್ಲಿ ಅಮ್ಮ. ದಾರಿಯುದ್ದಕ್ಕೂ ಆಟೋದವನೇ ನನ್ನನ್ನು ಓವರ್‌ಟೇಕ್ ಮಾಡುತ್ತಿದ್ದ.

ಅಮ್ಮನಿಗೆ ಸಾಮಾನು ಕೊಳ್ಳುವ ಕ್ರಮ ಗೊತ್ತಿದ್ದದ್ದು ಒಂದೇ, ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಯದು. ಟಯರ್ ಅಂಗಡಿಯಲ್ಲೂ ಸ್ಟೂಲು ಎಳೆದುಕೊಂಡು ಕೂತಳು, ಕಾಲು ಮೇಲೆ ಮಡಿಸಿದಳು, ಅಟ್ಟದ ಕಡೆ ಕೈ ತೋರಿಸಿದಳು.

"ಅದು ತೆಗೀರಿ. ಅದರ ಪಕ್ಕದ್ದೂ ತೆಗೀರಿ. ಹಿಂದೆ ಬಚ್ಚಿಟ್ಟಿದೀರಲ್ಲ, ಅದನ್ನೂ ತೋರಿಸಿ."

ಅಂಗಡಿಯ ಸಾಬರು ಉರುಳಿಸಿ ಉರುಳಿಸಿ ಬೆವರಿದರು. ಅಮ್ಮ ಬೆರಳಲ್ಲಿ ಒತ್ತಿ ನೋಡಿದಳು, ಮೂಸಿ ನೋಡಿದಳು, ಅಗಲವನ್ನು ಗೇಣಿನಲ್ಲಿ ಅಳೆದಳು. ಒಂದನ್ನು ಬೀದಿಯ ಬೆಳಕಿಗೆ ತರಿಸಿದಳು.

"ಅಂಚು ಚೆನ್ನಾಗಿದೆ, ಒಡಲು ಚೆನ್ನಾಗಿಲ್ಲ. ಇದೇ ಡಿಸೈನ್‌ನಲ್ಲಿ ಬೇರೆ ಕಲರ್ ಇಲ್ವಾ?"

"ಅಮ್ಮಾ, ಇದು ಸೀರೆ ಅಲ್ಲ, ಟಯರ್ ಇದೆ. ಕಪ್ಪು ಬಿಟ್ಟು ಏನೂ ಬರಲ್ಲ."

"ನಮ್ಮ ಹುಡುಗ ಬಿಎಸ್ಸಿ ಓದಿದಾನೆ. ಏನೋ ಒಂದು ತಲೆಗೆ ಕಟ್ಟಕ್ಕೆ ನೋಡಬೇಡಿ."

"ಹಾಂ ಅಮ್ಮಾ, ಬಿಎಸ್ಸಿಗೆ ಅಂತಾನೇ ಇದೆ ಇದು."

ನಾನು ನಡುವೆ ಘರ್ಷಣೆಯ ಪಾಠ ಶುರುಮಾಡಿದೆ. ಇಬ್ಬರೂ ಕೇಳಲಿಲ್ಲ. ಕೊನೆಗೆ ಒಂದು ಟಯರಿನ ಗೀರುಗಳು ಅಮ್ಮನಿಗೆ ಒತ್ತಾಗಿ ಕಟ್ಟಿದ ಕನಕಾಂಬರದ ದಂಡೆಯಂತೆ ಕಂಡವಂತೆ. "ಇದು ಬಿಗಿಯಾಗಿದೆ. ಬಿಚ್ಕೊಳ್ಳಲ್ಲ" ಎಂದಳು. ಅದು ನಾನು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದ ಟಯರಲ್ಲ, ಅದರ ಪಕ್ಕದ್ದು. ಆದರೆ ಅಳತೆ ಸರಿಯಿತ್ತು, ತಾರೀಖು ಹೊಸದಿತ್ತು, ಕೈಗೆಟುಕುವಂತಿತ್ತು. ಸರಿ ಎಂದು ತಲೆಯಾಡಿಸಿದೆ.

ಚೌಕಾಸಿ ಮುಗಿದ ಮೇಲೆ ಅಮ್ಮ ಕೇಳಿದಳು: "ನಾಲ್ಕು ತಗೊಂಡಿದೀವಿ. ಕೊಸರು?"

"ಟಯರ್‌ಗೆ ಏನಮ್ಮಾ ಕೊಸರು?"

"ಮೊಳ ಹೂವಿಗೇ ಕೊಸರು ಕೇಳ್ತಾರ್ರೀ ಜನ!" ಇಡೀ ಜೀವಮಾನದಲ್ಲಿ ಯಾರಿಗೂ ಒಂದು ಎಸಳು ಕೊಸರು ಕೊಡದವಳು ಹೀಗೆ ಗದರಿದಾಗ ಸಾಬರು ಸೋತರು. ಗಾಳಿ ತುಂಬುವ ಮೂತಿಗೆ ಹಾಕುವ ನಾಲ್ಕು ಹೊಳೆಯುವ ಮುಚ್ಚಳ ಕೊಟ್ಟರು. ಅಮ್ಮ ಅವನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಕಾರಿಗೆ ಹೊಸ ಟಯರು ಹಾಕಿಸಿದ ಮೇಲೂ ಆಟೋವನ್ನೇ ಹತ್ತಿದಳು. ಪೂಜೆಯಾಗದ ಟಯರಿನ ಮೇಲೆ ಕೂರುವುದಿಲ್ಲವಂತೆ.

ಪೂಜೆ ನಮ್ಮ ಬೀದಿಯಲ್ಲೇ ಆಯಿತು. ಟಯರಿಗೊಂದು ನಿಂಬೆಹಣ್ಣು ಇಟ್ಟಳು, ಬಾನೆಟ್ಟಿಗೆ ತಾನೇ ಕಟ್ಟಿದ ಹಾರ ಹಾಕಿದಳು. ಆಮೇಲೆ ದೊಡ್ಡದೊಂದು ಬೂದುಗುಂಬಳಕಾಯಿಗೆ ಕುಂಕುಮ ತುಂಬಿ, ನಿವಾಳಿಸಿ, ಕಾರಿನ ಎದುರಿಗೇ ಎತ್ತಿ ಒಡೆದಳು. ಬೀದಿ ಕೆಂಪಗೆ ಲೋಳೆಯಾಯಿತು. ಬೀದಿ ಸ್ವಲ್ಪ ಇಳಿಜಾರು. ನಾನು ಗತ್ತಿನಿಂದ ಹೊರಟೆ. ನಿಂಬೆಹಣ್ಣು ಅಪ್ಪಚ್ಚಿಯಾದವು. ತಿಂಗಳುಗಟ್ಟಲೆ ವಿಚಾರಿಸಿ ತಂದ ಟಯರುಗಳ ಹಿಡಿತ ಎಲ್ಲರಿಗೂ ಕಾಣಲಿ ಎಂದು ಥಟ್ಟನೆ ಬ್ರೇಕ್ ಒತ್ತಿದೆ. ಕಾರು ಕುಂಬಳಕಾಯಿಯ ತಿರುಳಿನ ಮೇಲೆ ಸುಯ್ಯೆಂದು ಜಾರಿ, ಎದುರು ಮನೆಯವರು ಮಹಡಿ ಕಟ್ಟಲು ಹಾಕಿಸಿದ್ದ ಮರಳಿನ ರಾಶಿಗೆ ಮೂತಿ ತೂರಿಸಿ ನಿಂತಿತು. ಹಾರದ ಸಮೇತ.

ಬೀದಿಯೆಲ್ಲ ನಕ್ಕಿತು. ಓನರ್ ಆಂಟಿ, "ಹೊಸ ಟಯರ್ ಅಂದ್ರಿ, ಹಿಂಗ್ ಜಾರುತ್ತಲ್ರೀ?" ಎಂದರು.

ಮುಗಿಯಿತು, ಇನ್ನು ಅಮ್ಮ ಈ ಜನ್ಮದಲ್ಲಿ ಹತ್ತುವುದಿಲ್ಲ ಅಂದುಕೊಂಡೆ. ಅಮ್ಮನ ಮುಖ ಕೆಂಪಾಗಿತ್ತು. ಆದರೆ ಅವಳು ತಿರುಗಿದ್ದು ಆಂಟಿಯ ಕಡೆಗೆ.

"ಟಯರ್‌ಗೆ ಏನಾಗಿದೆ? ನಾನೇ ಕೂತು ಆರಿಸಿ ತಂದಿರೋದು. ಕುಂಬಳಕಾಯಿ ಸರಿ ಇಲ್ಲ, ಆ ತರಕಾರಿಯವನು ಎಳೇ ಕಾಯಿ ಕೊಟ್ಟಿದಾನೆ." ಆಮೇಲೆ ನನಗೆ: "ಏಯ್, ಹಿಂದಕ್ಕೆ ತಗೊಳ್ಳೋ. ಬಾಗಿಲು ತೆಗಿ, ಹೋಗೋಣ."

ಅವಳು ಆರಿಸಿದ ಸೀರೆ ಬಣ್ಣ ಬಿಟ್ಟರೂ ತಪ್ಪು ಸೋಪಿನದೇ. ಆ ನ್ಯಾಯ ಟಯರಿಗೂ ಸಿಕ್ಕಿತು.

ಹಲಸೂರಿನ ಮಾರ್ಕೆಟ್ ಬೀದಿಯಲ್ಲಿ ಮೆಲ್ಲಗೆ ಓಡಿಸಿದೆ. ಕೆರೆಯ ತಿರುವಿನಲ್ಲಿ ಟಯರು ರಸ್ತೆ ಕಚ್ಚಿಕೊಂಡೇ ಬಂದಿತ್ತು, ಅಮ್ಮನೂ ಸೀಟು ಕಚ್ಚಿಕೊಂಡೇ ಬಂದಿದ್ದಳು. ಹೂವಿನವರ ಸಾಲಿನ ಮುಂದೆ ನಿಲ್ಲಿಸಿ ನೋಡುತ್ತೇನೆ, ಕಾರು ಎಷ್ಟು ತಗ್ಗೆಂದರೆ ಕಿಟಕಿಯಲ್ಲಿ ಅಮ್ಮನ ಮುಖ, ಗೋಣಿಚೀಲದ ಮೇಲೆ ಕೂತ ಅವಳ ಹಳೆಯ ಗೆಳತಿಯ ಮುಖ, ಎರಡೂ ಒಂದೇ ಮಟ್ಟದಲ್ಲಿದ್ದವು.

ಗೆಳತಿ ಹೂ ಕಟ್ಟುವುದನ್ನು ನಿಲ್ಲಿಸಿ ಕೇಳಿದಳು: "ಏನಕ್ಕಾ, ಮಗ ಕಾರ್ ತಗೊಂಡ ಮೇಲೂ ನೆಲದ ಮೇಲೇ ಕೂತಿದೀಯಾ?"

ಅಮ್ಮ ಕಿಟಕಿಯಿಂದ ಕೈ ಹೊರಗೆ ಹಾಕಿ ಕೆಳಗೆ ತೋರಿಸಿದಳು: "ಅದಿರ್ಲಿ, ಟಯರ್ ನೋಡೇ ಮೊದ್ಲು!"